ಕಲ್ಲು, ನೀರು ಮತ್ತು ಮತ: ಆಂದ್ರೆ ಸೀಗ್‌ಫ್ರೀಡ್ ನೋಡಿದ ಹಳ್ಳಿ



ಫ್ರಾನ್ಸಿನ ಪಶ್ಚಿಮ ಕರಾವಳಿಯಲ್ಲಿ ವಾಂದೆ ಎಂಬ ಜಿಲ್ಲೆಯಿದೆ. ಅದರ ದಕ್ಷಿಣದಲ್ಲಿ ನೆಲದ ಸ್ವರೂಪ ಒಮ್ಮೆಲೇ ಬದಲಾಗುತ್ತದೆ. ಒಂದು ಕಡೆ ಗ್ರಾನೈಟಿನ ಮೇಲೆ ಹರಡಿದ ಏರುತಗ್ಗಿನ ನಾಡು. ಅದನ್ನು ಅಲ್ಲಿಯವರು ಬೊಕಾಜ್ ಎನ್ನುತ್ತಾರೆ. ಇನ್ನೊಂದು ಕಡೆ ಸುಣ್ಣಕಲ್ಲಿನ ಬಯಲು. 19ನೆಯ ಶತಮಾನದ ಕೊನೆಯ ದಶಕಗಳ ಚುನಾವಣೆಗಳಲ್ಲಿ ಗ್ರಾನೈಟಿನ ಊರುಗಳು ಅರಸೊತ್ತಿಗೆ ಮತ್ತು ಚರ್ಚಿನ ಪರವಾದ ಬಲಪಂಥೀಯರನ್ನು ಬೆಂಬಲಿಸುತ್ತಿದ್ದವು. ಸುಣ್ಣಕಲ್ಲಿನ ಊರುಗಳು ಗಣರಾಜ್ಯವಾದಿಗಳನ್ನು. ಮತಗಳ ನಕ್ಷೆಯನ್ನು ಕಲ್ಲುಮಣ್ಣಿನ ನಕ್ಷೆಯ ಪಕ್ಕದಲ್ಲಿಟ್ಟು ಇದನ್ನು ತೋರಿಸಿಕೊಟ್ಟವರು ಆಂದ್ರೆ ಸೀಗ್‌ಫ್ರೀಡ್. ಪಶ್ಚಿಮ ಫ್ರಾನ್ಸಿನ ರಾಜಕೀಯವನ್ನು ಕುರಿತ ಅವರ ಬೃಹತ್ ಗ್ರಂಥ 1913ರಲ್ಲಿ ಹೊರಬಂದಿತು. ಅಂದು ಅದಕ್ಕೆ ದೊರೆತ ಓದುಗರು ಕೆಲವೇ ಮಂದಿ. ಇಂದು ಚುನಾವಣೆಯ ಅಧ್ಯಯನ ಎಂಬ ಶಾಸ್ತ್ರಕ್ಕೆ ಅದನ್ನೇ ಮೂಲಗ್ರಂಥವೆಂದು ಪರಿಗಣಿಸುತ್ತಾರೆ.

ಗ್ರಾನೈಟ್ ಬಲಕ್ಕೆ ಮತ ಹಾಕುತ್ತದೆ, ಸುಣ್ಣಕಲ್ಲು ಎಡಕ್ಕೆ ಎಂಬ ಮಾತು ಅವರ ಹೆಸರಿಗೆ ಅಂಟಿಕೊಂಡಿತು. ಕೇಳಲು ಸೊಗಸಾದ ಮಾತು. ಆದರೆ ಅದರಿಂದ ಅವರಿಗೆ ಅನ್ಯಾಯವೇ ಆಗಿದೆ. ಅದೇಕೆ ಎಂಬುದನ್ನು ತಿಳಿಯಲು ಮೊದಲು ಅವರ ಬದುಕನ್ನು ಸ್ವಲ್ಪ ನೋಡಬೇಕು.

ಸೀಗ್‌ಫ್ರೀಡ್ ಹುಟ್ಟಿದ್ದು 1875ರಲ್ಲಿ, ಲೆ ಹಾವ್ರ್ ಎಂಬ ಬಂದರು ಪಟ್ಟಣದಲ್ಲಿ. ಮನೆತನ ಪ್ರಾಟೆಸ್ಟೆಂಟ್ ಪಂಥದ್ದು. ತಂದೆ ಜೂಲ್ ಹತ್ತಿಯ ವರ್ತಕರು. 1860ರ ದಶಕದಲ್ಲಿ ಅಮೆರಿಕದ ಅಂತರ್ಯುದ್ಧದಿಂದಾಗಿ ಅಲ್ಲಿಯ ಹತ್ತಿ ಯೂರೋಪಿಗೆ ಬಾರದಂತಾದಾಗ, ಅವರ ಸಂಸ್ಥೆ ಮುಂಬಯಿಯಲ್ಲಿ ಶಾಖೆ ತೆರೆದು ಭಾರತದ ಹತ್ತಿಯನ್ನು ತರಿಸಿಕೊಂಡು ಬಹಳ ಹಣ ಗಳಿಸಿತು. ನಮ್ಮ ದೇಶದ ರೈತನ ಬೆವರೂ ಆ ಮನೆಯ ಸಿರಿಯಲ್ಲಿ ಬೆರೆತಿತ್ತೆಂದರೆ ತಪ್ಪಾಗದು. ಜೂಲ್ ಮುಂದೆ ಲೆ ಹಾವ್ರ್‌ನ ಮೇಯರ್ ಆದರು, ಮಂತ್ರಿಯೂ ಆದರು. ಬಡವರಿಗೆ ಅಗ್ಗದ ಮನೆಗಳನ್ನು ಒದಗಿಸುವ 1894ರ ಕಾನೂನು ಅವರ ಹೆಸರಿನಲ್ಲೇ ಪ್ರಸಿದ್ಧವಾಗಿದೆ.

ಮಗನಿಗೂ ಶಾಸನಸಭೆಗೆ ಹೋಗುವ ಹಂಬಲವಿತ್ತು. ಲೋಕಸಂಚಾರ ಮುಗಿಸಿ ಬಂದ ತರುಣ 1902ರಲ್ಲಿ ಆಲ್ಪ್ಸ್ ಪರ್ವತದ ಕಾಸ್ತೆಲಾನ್ ಎಂಬ ಬೆಟ್ಟದ ಕ್ಷೇತ್ರದಲ್ಲಿ ನಿಂತರು. ಎದುರಾಳಿ ಬೋನಿ ದ ಕಾಸ್ತೆಲಾನ್. ಅಮೆರಿಕದ ರೈಲ್ವೆ ಕುಬೇರನೊಬ್ಬನ ಮಗಳನ್ನು ಮದುವೆಯಾಗಿ ಸಿರಿವಂತನಾಗಿದ್ದ ಜಮೀನ್ದಾರಿ ಕುಲದವನು. ಸೀಗ್‌ಫ್ರೀಡ್ ಸೋತರು. 1910ರೊಳಗೆ ಒಟ್ಟು ನಾಲ್ಕು ಸಲ ಸ್ಪರ್ಧಿಸಿದರು; ಒಮ್ಮೆಯೂ ಗೆಲ್ಲಲಿಲ್ಲ. ಜನರು ಏಕೆ ಹೀಗೆಯೇ ಮತ ಹಾಕುತ್ತಾರೆ ಎಂಬ ಪ್ರಶ್ನೆ ಸೋತವನನ್ನು ಕಾಡುವಷ್ಟು ಗೆದ್ದವನನ್ನು ಕಾಡುವುದಿಲ್ಲ. ಗೆದ್ದಿದ್ದರೆ 1913ರ ಗ್ರಂಥ ಬಹುಶಃ ಹುಟ್ಟುತ್ತಿರಲಿಲ್ಲ.

ಆ ಗ್ರಂಥದ ತಿರುಳು ಕಲ್ಲಿನಲ್ಲಿಲ್ಲ, ನೀರಿನಲ್ಲಿದೆ. ಗ್ರಾನೈಟ್ ನೀರನ್ನು ಸುಲಭವಾಗಿ ಒಳಗೆ ಬಿಡುವುದಿಲ್ಲ. ಆದ್ದರಿಂದ ಬೊಕಾಜಿನಲ್ಲಿ ಹೆಜ್ಜೆಹೆಜ್ಜೆಗೂ ಒರತೆ, ಹಳ್ಳ, ತೋಡು. ನೀರು ಎಲ್ಲೆಡೆ ಸಿಗುವಾಗ ಮನೆಗಳು ಒತ್ತಾಗಿ ನಿಲ್ಲಬೇಕಾಗಿಲ್ಲ. ಪ್ರತಿಯೊಬ್ಬ ಒಕ್ಕಲೂ ತನ್ನ ಗದ್ದೆಯ ಅಂಚಿನಲ್ಲಿ ಒಂಟಿಮನೆ ಕಟ್ಟಿಕೊಳ್ಳಬಲ್ಲ. ಹೊಲಗಳ ಸುತ್ತ ದಟ್ಟವಾದ ಹಸಿರು ಬೇಲಿ, ನಡುವೆ ಕೆಸರಿನ ಕಿರುದಾರಿ. ಮಲೆನಾಡಿನಲ್ಲಿ ಬೆಳೆದವರಿಗೆ ಈ ಚಿತ್ರವನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಸುಣ್ಣಕಲ್ಲಿನ ಬಯಲಿನಲ್ಲಾದರೋ ಮಳೆನೀರು ಬಿರುಕುಗಳಲ್ಲಿ ಇಂಗಿ ಆಳಕ್ಕೆ ಇಳಿಯುತ್ತದೆ. ಆಳದ ಬಾವಿ ತೋಡುವುದು ಒಬ್ಬನಿಂದಾಗುವ ಕೆಲಸವಲ್ಲ. ಬಾವಿಯ ಸುತ್ತ ಊರು ಗುಂಪುಗೂಡುತ್ತದೆ. ಜನ ದಿನವೂ ಸೇರುತ್ತಾರೆ, ಮಾತಾಡುತ್ತಾರೆ, ಜಗಳವಾಡುತ್ತಾರೆ, ಹೊರಗಿನ ಸುದ್ದಿಯನ್ನು ಹಂಚಿಕೊಳ್ಳುತ್ತಾರೆ. ಬೊಕಾಜಿನ ಒಂಟಿಮನೆಯವನಿಗೆ ಭಾನುವಾರ ಚರ್ಚಿನಲ್ಲಿ ಸಿಗುವ ಪಾದ್ರಿಯೂ ಜಮೀನಿನ ಒಡೆಯನೂ ಬಿಟ್ಟರೆ ಹೊರಲೋಕದ ದಾರಿ ಕಡಿಮೆ.

ಇಷ್ಟಕ್ಕೇ ನಿಲ್ಲಿಸಿದ್ದರೆ ಅದು ಭೂಗೋಳದ ಪಾಠವಾಗುತ್ತಿತ್ತು. ಸೀಗ್‌ಫ್ರೀಡ್ ಮುಂದೆ ಹೋಗಿ, ಭೂಮಿ ಯಾರ ಕೈಯಲ್ಲಿದೆ ಎಂದು ಕೇಳಿದರು. ದೊಡ್ಡ ಹಿಡುವಳಿಗಳಿದ್ದಲ್ಲಿ ಗೇಣಿದಾರನು ಒಡೆಯನ ಮುಖ ನೋಡಿಯೇ ಮತ ಹಾಕುತ್ತಿದ್ದ. ಕರಾರು ಮುಗಿದ ದಿನ ಒಕ್ಕಲೆಬ್ಬಿಸಿದರೆ ಅವನಿಗೆ ಬೇರೆ ನೆಲೆಯಿರಲಿಲ್ಲ. ಸಣ್ಣ ಹಿಡುವಳಿಯ ಸ್ವಂತ ರೈತನಿಗೆ ಆ ಅಂಜಿಕೆಯಿಲ್ಲ. ಇಲ್ಲಿ ಒಂದು ಸಂಗತಿಯನ್ನು ಮರೆಯಬಾರದು. ಫ್ರಾನ್ಸಿನ ಮತಗಟ್ಟೆಗಳಲ್ಲಿ ಮತದಾರನಿಗೆ ಮರೆಯ ಕೋಣೆ ಮತ್ತು ಲಕೋಟೆಯನ್ನು ಕಡ್ಡಾಯಗೊಳಿಸಿದ ಕಾನೂನು ಬಂದದ್ದು 1913ರ ಜುಲೈ ತಿಂಗಳಿನಲ್ಲಿ, ಎಂದರೆ ಈ ಗ್ರಂಥ ಹೊರಬಂದ ವರ್ಷವೇ. ಅದಕ್ಕೆ ಮೊದಲು ಯಾರು ಯಾವ ಚೀಟಿ ಹಾಕಿದರೆಂಬುದು ಒಡೆಯನ ಕಣ್ಣಿಗೆ ಬೀಳುವುದು ಕಷ್ಟವಿರಲಿಲ್ಲ. ಹಾಗಿರುವಾಗ ಮತ ಹಾಕಿದ್ದು ಗ್ರಾನೈಟ್ ಎನ್ನುವುದಕ್ಕಿಂತ ಗೇಣಿ ಎನ್ನುವುದು ಹೆಚ್ಚು ಸರಿ. ಅವರು ನೆಲದ ಗುಣವನ್ನೂ ಊರಿನ ರಚನೆಯನ್ನೂ ಒಡೆತನವನ್ನೂ ಧರ್ಮವನ್ನೂ ಒಟ್ಟಿಗೆ ತೂಗಿ ನೋಡಿದರು. ಮುಂದಿನವರು ಅವುಗಳಲ್ಲಿ ಒಂದನ್ನು ಮಾತ್ರ ನೆನಪಿಟ್ಟುಕೊಂಡರು.

ಆ ನಕ್ಷೆಗಳಲ್ಲಿ ದೇಶದ ಅರ್ಧ ಜನ ಇಲ್ಲವೇ ಇಲ್ಲ ಎಂಬುದೂ ನಿಜ. ಫ್ರಾನ್ಸಿನ ಸ್ತ್ರೀಯರು ಮೊದಲ ಬಾರಿಗೆ ಮತ ಹಾಕಿದ್ದು 1945ರಲ್ಲಿ. ಸೀಗ್‌ಫ್ರೀಡರ ತಾಯಿ ಜೂಲಿ ಫ್ರೆಂಚ್ ಮಹಿಳೆಯರ ರಾಷ್ಟ್ರೀಯ ಮಂಡಳಿಯ ಅಧ್ಯಕ್ಷೆಯಾಗಿದ್ದವರು. ಆ ದಿನವನ್ನು ಕಾಣದೆ ಅವರು 1922ರಲ್ಲಿ ತೀರಿಕೊಂಡರು.

ಮುಂದಿನ ಪದವಿಗಳ ಪಟ್ಟಿ ಉದ್ದವಾದದ್ದು. ಪ್ಯಾರಿಸಿನ ರಾಜ್ಯಶಾಸ್ತ್ರ ಶಾಲೆಯಲ್ಲಿ ದೀರ್ಘಕಾಲ ಬೋಧನೆ, 1933ರಿಂದ ಕಾಲೆಜ್ ದ ಫ್ರಾನ್ಸ್‌ನಲ್ಲಿ ಪ್ರಾಧ್ಯಾಪಕತ್ವ, 1944ರಲ್ಲಿ ಫ್ರೆಂಚ್ ಅಕಾಡೆಮಿಯ ಸದಸ್ಯತ್ವ, 1945ರಲ್ಲಿ ರಾಜ್ಯಶಾಸ್ತ್ರದ ರಾಷ್ಟ್ರೀಯ ಪ್ರತಿಷ್ಠಾನದ ಮೊದಲ ಅಧ್ಯಕ್ಷ ಸ್ಥಾನ. ನ್ಯೂಜಿಲೆಂಡ್, ಕೆನಡಾ, ಅಮೆರಿಕ, ಬ್ರಿಟನ್ನುಗಳ ಮೇಲೆ ಪುಸ್ತಕಗಳು. ಭಾರತಕ್ಕೂ ಬಂದು 1951ರಲ್ಲಿ ಒಂದು ಪ್ರವಾಸಗ್ರಂಥ ಪ್ರಕಟಿಸಿದರು.

ಇವೆಲ್ಲಕ್ಕಿಂತ ಬೆಟ್ಟದ ಜನರು ಗಮನಿಸಬೇಕಾದದ್ದು 1949ರಲ್ಲಿ, ತಮ್ಮ 74ನೆಯ ವಯಸ್ಸಿನಲ್ಲಿ, ಅವರು ಪ್ರಕಟಿಸಿದ ಆರ್ದೆಶ್ ಜಿಲ್ಲೆಯ ಅಧ್ಯಯನ. ರೋನ್ ನದಿಯ ಬಯಲಿನಿಂದ 1,700 ಮೀಟರಿಗೂ ಮಿಕ್ಕಿದ ಮೆಝಾಂಕ್ ಶಿಖರದವರೆಗೆ ಏರುವ ಜಿಲ್ಲೆ ಅದು. ಕೃಷಿ ಬಲ್ಲವರಿಗೆ ಅದು ಒಲಿವಿಯೆ ದ ಸೆರ್‌ನ ನಾಡು. 1600ರಲ್ಲಿ ಕೃಷಿಶಾಸ್ತ್ರದ ಮಹಾಗ್ರಂಥ ಬರೆದ ಆತ ಅಲ್ಲಿಯ ಪ್ರಾದೆಲ್ ಎಂಬ ತನ್ನ ಜಮೀನಿನಲ್ಲಿ ಹಿಪ್ಪುನೇರಳೆಯನ್ನೂ ಬೆಳೆಸಿದ್ದ. ಮೆಟ್ಟಿಲು ಕಟ್ಟಿದ ಇಳಿಜಾರುಗಳಲ್ಲಿ ಚೆಸ್ಟ್‌ನಟ್ ತೋಪು, ಕೆಳಗೆ ದ್ರಾಕ್ಷಿ ಮತ್ತು ರೇಷ್ಮೆ, ಮೇಲೆ ಹುಲ್ಲುಗಾವಲು. ಎತ್ತರ ಏರಿದಂತೆ ಮತ ಬಲಕ್ಕೆ ವಾಲುವುದನ್ನು ಸೀಗ್‌ಫ್ರೀಡ್ ಇಲ್ಲಿಯೂ ಕಂಡರು. ಆದರೆ ಅದೇ ಎತ್ತರದಲ್ಲಿ, ಅದೇ ಬಗೆಯ ಇಳಿಜಾರಿನಲ್ಲಿ, ಕೆಲವು ಊರುಗಳು ಪಟ್ಟುಹಿಡಿದು ಎಡಕ್ಕೆ ಮತ ಹಾಕುತ್ತಿದ್ದವು. ಅವು ಪ್ರಾಟೆಸ್ಟೆಂಟರ ಊರುಗಳು. 1685ರಲ್ಲಿ ಅರಸನು ಅವರ ಆರಾಧನೆಯನ್ನು ನಿಷೇಧಿಸಿದ ಮೇಲೆ ಆ ಕಣಿವೆಗಳು ಅನುಭವಿಸಿದ ಕಷ್ಟ ಸಣ್ಣದಲ್ಲ. ಅಲ್ಲಿಯ ಪ್ರಾನ್ಲ್ ಎಂಬ ಊರಿನ ಮರಿ ದ್ಯೂರಾನ್ ಎಂಬ ಹೆಣ್ಣುಮಗಳು ತನ್ನ ಪಂಥವನ್ನು ತೊರೆಯಲೊಲ್ಲದೆ 1730ರಿಂದ 1768ರವರೆಗೆ, 38 ವರ್ಷ ಸೆರೆಯಲ್ಲಿದ್ದಳು. ಅಂಥ ಊರುಗಳು ಅರಸೊತ್ತಿಗೆಯ ಪರವಾದವರಿಗೆ ಮತ ಹಾಕುವುದಾದರೂ ಹೇಗೆ? ಗ್ರಾನೈಟಿನ ಸೂತ್ರ ಸಾಲದೆಂದು ಅದರ ಕರ್ತೃವೇ ಹೀಗೆ ತೋರಿಸಿಕೊಟ್ಟರು.

ಇಷ್ಟು ಸೂಕ್ಷ್ಮದೃಷ್ಟಿಯ ಮನುಷ್ಯ ಮರುವರ್ಷವೇ ಜನಾಂಗಗಳ ಆತ್ಮವನ್ನು ಕುರಿತ ಪುಸ್ತಕ ಬರೆದರು. ಅದರಲ್ಲಿ ಇಂಗ್ಲಿಷರಿಗೆ ಛಲ, ಜರ್ಮನರಿಗೆ ಶಿಸ್ತು, ರಷ್ಯನ್ನರಿಗೆ ಅನುಭಾವ ಎಂದು ಒಂದೊಂದು ಗುಣವನ್ನು ಹಂಚಿದರು. 1927ರ ಅಮೆರಿಕದ ಪುಸ್ತಕದಲ್ಲಿಯೂ ಯೆಹೂದಿಗಳ ಬಗೆಗೆ, ವಲಸೆಗಾರರ ಬಗೆಗೆ ಜನಾಂಗದೃಷ್ಟಿಯ ಮಾತುಗಳಿವೆ. ಅವನ್ನು ಮುಂದಿನ ವಿದ್ವಾಂಸರು ಖಂಡಿಸಿದ್ದು ನ್ಯಾಯವೇ ಆಗಿದೆ. ಹಳ್ಳಿಯನ್ನು ನೋಡುವಾಗ ಬಾವಿಯ ಆಳವನ್ನೂ ಗೇಣಿಯ ಕರಾರನ್ನೂ ಲೆಕ್ಕಿಸಿದವರು ದೇಶವನ್ನು ನೋಡುವಾಗ ರಕ್ತಗುಣದ ಮಾತಾಡಿದರು. ದೂರದಿಂದ ನೋಡಿದರೆ ಎಂಥ ಪಂಡಿತನಿಗೂ ಬೆಟ್ಟ ನುಣ್ಣಗೆಯೇ ಕಾಣುತ್ತದೆ.

1959ರಲ್ಲಿ ಸೀಗ್‌ಫ್ರೀಡ್ ತೀರಿಕೊಂಡರು. ಮರುವರ್ಷ ಪೌಲ್ ಬುವಾ ಎಂಬ ಇತಿಹಾಸಕಾರರು ಪಶ್ಚಿಮದ ಸಾರ್ತ್ ಜಿಲ್ಲೆಯ ರೈತರ ಮೇಲೆ ಗ್ರಂಥವೊಂದನ್ನು ಪ್ರಕಟಿಸಿದರು. ಅಲ್ಲಿ ಬಲಕ್ಕೆ ಮತ ಹಾಕುತ್ತಿದ್ದ ಭಾಗದಲ್ಲಿ ಒಡೆಯರ ಹಿಡಿತವೊಂದೇ ಕಾರಣವಾಗಿರಲಿಲ್ಲ. 1789ರ ಕ್ರಾಂತಿಯ ಅನಂತರ ಚರ್ಚಿನ ಜಮೀನುಗಳು ಹರಾಜಿಗೆ ಬಂದಾಗ, ತಕ್ಕಮಟ್ಟಿಗೆ ಅನುಕೂಲವಾಗಿದ್ದ ಅಲ್ಲಿಯ ರೈತರು ಅವನ್ನು ಕೊಳ್ಳುವ ಆಸೆಯಲ್ಲಿದ್ದರು. ಪಟ್ಟಣದ ಹಣವಂತರು ಬಂದು ಕೊಂಡುಬಿಟ್ಟರು. ಆ ಕಹಿಯೇ ಗಣರಾಜ್ಯದ ಮೇಲಿನ ಮುನಿಸಾಗಿ ತಲೆಮಾರಿನಿಂದ ತಲೆಮಾರಿಗೆ ಇಳಿದು ಬಂದಿತ್ತು. ಕಾರಣ ಮರೆತುಹೋಗಿದ್ದರೂ 100 ವರ್ಷಗಳ ಮೇಲೂ ಮೊಮ್ಮಕ್ಕಳ ಮಕ್ಕಳು ಅದೇ ಕಡೆಗೆ ಮತ ಹಾಕುತ್ತಿದ್ದರು.