ಕೀಲುನೋವಿನ ಗುಳಿಗೆ



ನಾಟಿ ಮುಗಿದು ಮಂಡಿ, ಸೊಂಟ ಹಿಡಿದುಕೊಂಡಾಗ ನಾವು ಪೇಟೆಯ ಅಂಗಡಿಯಿಂದ ಗುಳಿಗೆ ತಂದು ನುಂಗುತ್ತೇವೆ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಎಂಬ ಈ ಗುಳಿಗೆಗಳು ನೋವನ್ನೂ ಬಾವನ್ನೂ ತಗ್ಗಿಸುತ್ತವೆ, ನಿಜ. ಆದರೆ ಜಠರದ ಒಳಪೊರೆಯ ಕಾವಲನ್ನೂ ಅವೇ ಕುಗ್ಗಿಸುತ್ತವೆ. ಅಲ್ಲಿ ಹುಣ್ಣಾಗಿ ರಕ್ತ ಒಸರಬಹುದು. ಹೊಟ್ಟೆನೋವೇ ಇಲ್ಲದೆಯೂ ಹೀಗಾಗುವುದುಂಟು! ಮಲವು ಡಾಂಬರಿನಂತೆ ಕಪ್ಪಾದರೆ ಗುಳಿಗೆ ನಿಲ್ಲಿಸಿ ಅಂದೇ ಆಸ್ಪತ್ರೆಗೆ ಹೋಗಿರಿ. ಬರಿಹೊಟ್ಟೆಯಲ್ಲಿ ನುಂಗಬೇಡಿರಿ, ಎರಡು ಬಗೆಯನ್ನು ಕೂಡಿಸಬೇಡಿರಿ. ಗರ್ಭಿಣಿಯರೂ ಮೂತ್ರಪಿಂಡದ ರೋಗವಿರುವವರೂ ವೈದ್ಯರನ್ನು ಕೇಳದೆ ಮುಟ್ಟಲೇಬಾರದು.

ಇನ್ನೊಂದು ಮಾತು. ಬೆಳಿಗ್ಗೆ ಎದ್ದಾಗ ಬೆರಳಗೆಣ್ಣುಗಳು ಊದಿ, ಗಂಟೆಗೂ ಮಿಕ್ಕಿ ಬಿಗಿದಿದ್ದು, ವಾರಗಟ್ಟಲೆ ಹಾಗೇ ನಡೆದರೆ ಅದು ಬರಿಯ ದಣಿವಲ್ಲ. ಗುಳಿಗೆ ನೋವನ್ನು ಮರೆಸಿದರೂ ಒಳಗೆ ಕೀಲು ಕೆಡುತ್ತಲೇ ಇರಬಹುದು. ಅದನ್ನು ತಡೆಯುವ ಔಷಧಿಯೇ ಬೇರೆ. ತಡಮಾಡದೆ ವೈದ್ಯರಿಗೆ ಕೈ ತೋರಿಸಿರಿ.