ಹೊಟ್ಟೆಯುಬ್ಬರ ಮತ್ತು ‘ಗ್ಯಾಸ್ ಮಾತ್ರೆ’

ಹೆಗ್ಗಡದೇವನಕೋಟೆ ತಾಲ್ಲೂಕಿನ ಅಂತರಸಂತೆಯ ಕಡೆ ಊಟವೆಂದರೆ ರಾಗಿಮುದ್ದೆ. ಅದರ ಜೊತೆಗೆ ಹುರುಳಿಕಾಳಿನ ಬಸ್ಸಾರೋ, ಅಲಸಂದೆಯ ಉಪ್ಸಾರೋ ಇರಬೇಕು. ಚಳಿಗಾಲ ಬಂದರೆ ಅವರೆಕಾಳಿನದೇ ರಾಜ್ಯ. ಮೈಗೆ ಬಲ ಕೊಡುವ ಈ ಊಟದ ಬೆನ್ನಿಗೆ ಕೆಲವರಿಗೆ ಹೊಟ್ಟೆಯುಬ್ಬರವೂ ಬರುತ್ತದೆ. ಆಗ ಔಷಧಿ ಅಂಗಡಿಗೆ ಹೋಗಿ “ಒಂದು ಗ್ಯಾಸ್ ಮಾತ್ರೆ ಕೊಡಿ” ಎನ್ನುತ್ತೇವೆ. ಆದರೆ ಈ ಒಂದು ಹೆಸರಿನಲ್ಲಿ ಮೂರು ನಾಲ್ಕು ಬಗೆಯ ಔಷಧಿಗಳಿವೆ, ಅವುಗಳ ಕೆಲಸವೂ ಬೇರೆ ಬೇರೆ. ನಾನು ವೈದ್ಯನಲ್ಲ, ವಿಜ್ಞಾನ ಓದಿ ದೂರದರ್ಶನಕ್ಕೆ ಬಂದವನು. ಆದ್ದರಿಂದ ಇಲ್ಲಿ ಹೇಳುವುದು ಚಿಕಿತ್ಸೆಯನ್ನಲ್ಲ, ತಿಳಿವಳಿಕೆಯನ್ನು.

ಮೊದಲಿಗೆ, ಈ ಗಾಳಿ ಎಲ್ಲಿಂದ ಬರುತ್ತದೆ? ಒಂದಷ್ಟು ನಾವೇ ನುಂಗಿದ್ದು. ಗಬಗಬನೆ ಉಣ್ಣುವಾಗ, ಬೀಡಿ ಸೇದುವಾಗ, ಸದಾ ಎಲೆಯಡಿಕೆ ಅಗಿಯುವಾಗ ಗಾಳಿಯೂ ಒಳಗೆ ಹೋಗುತ್ತದೆ. ಬಹುಪಾಲು ಅದು ತೇಗಾಗಿ ಹೊರಬರುತ್ತದೆ. ಉಳಿದದ್ದು ದೊಡ್ಡ ಕರುಳಿನಲ್ಲಿ ತಯಾರಾಗುತ್ತದೆ. ಕಾಳುಗಳಲ್ಲಿ ರ್‍ಯಾಫಿನೋಸ್, ಸ್ಟ್ಯಾಕಿಯೋಸ್ ಎಂಬ ಸಕ್ಕರೆಗಳಿವೆ. ಇವನ್ನು ಒಡೆಯುವ ಕಿಣ್ವ ಮನುಷ್ಯನ ಸಣ್ಣ ಕರುಳಿನಲ್ಲಿಲ್ಲ. ಹಾಗಾಗಿ ಅವು ಜೀರ್ಣವಾಗದೆ ಮುಂದೆ ಹೋಗಿ, ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳಿಗೆ ಆಹಾರವಾಗುತ್ತವೆ. ಅಲ್ಲಿ ನಡೆಯುವ ಹುದುಗುವಿಕೆಯಿಂದ ಜಲಜನಕ, ಇಂಗಾಲದ ಡೈಆಕ್ಸೈಡ್, ಕೆಲವರಲ್ಲಿ ಮೀಥೇನ್ ಹುಟ್ಟುತ್ತವೆ. ಆರೋಗ್ಯವಂತರೂ ದಿನಕ್ಕೆ ಹತ್ತಿಪ್ಪತ್ತು ಸಲ ವಾಯು ಬಿಡುವುದು ಸಹಜ. ಅದು ರೋಗವಲ್ಲ, ನಾಚಿಕೆಪಡಬೇಕಾದ ವಿಷಯವೂ ಅಲ್ಲ.

ಇನ್ನು ಔಷಧಿಗಳಿಗೆ ಬರೋಣ. ನಿಜವಾಗಿ ಗಾಳಿಗೆಂದೇ ಇರುವುದು ಸಿಮೆಥಿಕೋನ್. ಆಲೆಮನೆಯಲ್ಲಿ ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ನೊರೆಯೆದ್ದು ಉಕ್ಕಿದಾಗ ಸ್ವಲ್ಪ ಎಣ್ಣೆ ಬಿಡುವುದನ್ನು ನೀವು ಕಂಡಿರಬಹುದು. ಕೂಡಲೇ ನೊರೆ ಇಳಿಯುತ್ತದೆ. ಎಳೆಯ ಹಸಿಮೇವು ಮೇದು ದನದ ಹೊಟ್ಟೆ ನೊರೆಯಿಂದ ಉಬ್ಬಿದಾಗ ಪಶುವೈದ್ಯರು ಎಣ್ಣೆ ಕುಡಿಸುವುದೂ ಇದೇ ತತ್ವದ ಮೇಲೆ. ಸಿಮೆಥಿಕೋನ್ ಸಣ್ಣ ಗುಳ್ಳೆಗಳ ಮೇಲ್ಮೈ ಎಳೆತವನ್ನು ತಗ್ಗಿಸಿ, ಅವು ಒಡೆದು ಒಂದಾಗುವಂತೆ ಮಾಡುತ್ತದೆ. ದೊಡ್ಡ ಗುಳ್ಳೆ ಸುಲಭವಾಗಿ ಹೊರಬೀಳುತ್ತದೆ. ಇದು ರಕ್ತಕ್ಕೆ ಸೇರುವುದಿಲ್ಲ, ಮಲದೊಡನೆ ಹಾಗೆಯೇ ಹೋಗುತ್ತದೆ. ಆದರೆ ಒಂದು ಮಾತು ನೆನಪಿರಲಿ: ಇದು ಇರುವ ಗುಳ್ಳೆಯನ್ನು ಒಡೆಯುತ್ತದೆಯೇ ಹೊರತು ಗಾಳಿ ಹುಟ್ಟುವುದನ್ನು ತಡೆಯುವುದಿಲ್ಲ. ಆದ್ದರಿಂದ ಕೆಲವರಿಗೆ ಹಿತವೆನಿಸುತ್ತದೆ, ಕೆಲವರಿಗೆ ಏನೂ ಅನ್ನಿಸುವುದಿಲ್ಲ. ಊಟದ ನಂತರ ತೆಗೆದುಕೊಳ್ಳುವುದು ವಾಡಿಕೆ. ದೊಡ್ಡವರಿಗೆ ದಿನಕ್ಕೆ 500 ಮಿಲಿಗ್ರಾಂ ಮೀರಬಾರದು.

ಡೈಜಿನ್, ಜೆಲುಸಿಲ್‌ಗಳಲ್ಲಿ ಸಿಮೆಥಿಕೋನ್ ಜೊತೆಗೆ ಹುಳಿ ತಗ್ಗಿಸುವ ಅಲ್ಯೂಮಿನಿಯಂ, ಮೆಗ್ನೀಸಿಯಂ ಲವಣಗಳಿವೆ. ಇವು ಕಬ್ಬಿಣದ ಮಾತ್ರೆ, ಥೈರಾಯ್ಡ್ ಮಾತ್ರೆ ಮತ್ತು ಕೆಲವು ಆ್ಯಂಟಿಬಯಾಟಿಕ್‌ಗಳು ಮೈಗೆ ಹತ್ತದಂತೆ ಮಾಡಬಲ್ಲವು. ಅವುಗಳ ನಡುವೆ ಎಷ್ಟು ಹೊತ್ತಿನ ಅಂತರವಿರಬೇಕೆಂದು ಕೇಳಿಕೊಳ್ಳಿ. ಮೂತ್ರಪಿಂಡದ ತೊಂದರೆಯಿದ್ದವರು ವೈದ್ಯರನ್ನು ಕೇಳದೆ ಕುಡಿಯಬಾರದು. ಈನೋದಂತಹ ಪುಡಿ ನೀರಿನಲ್ಲಿ ಬುಸುಗುಟ್ಟಿ ತಾನೇ ಅನಿಲ ಬಿಡುತ್ತದೆ. ತೇಗು ಬಂದು ಹಗುರವೆನಿಸುತ್ತದೆ, ನಿಜ. ಆದರೆ ಅದರಲ್ಲಿ ಸೋಡಿಯಂ ಇರುವುದರಿಂದ ರಕ್ತದೊತ್ತಡದವರು ಎಚ್ಚರವಾಗಿರಬೇಕು. ಇನ್ನು ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಮಾತ್ರೆಗಳು. ಗ್ಯಾಸ್ ಮಾತ್ರೆಯೆಂದು ಜನ ಹೆಚ್ಚಾಗಿ ನುಂಗುವುದು ಇವನ್ನೇ. ಇವು ಜಠರದ ಆಮ್ಲ ಒಸರುವುದನ್ನು ತಡೆಯುತ್ತವೆ. ಎದೆಯುರಿ, ಹುಣ್ಣಿಗೆ ಒಳ್ಳೆಯವು. ಅವರೆಕಾಳಿನ ಗಾಳಿಗೆ ಇವುಗಳಿಂದ ಏನೂ ಆಗದು. ತಿಂಗಳುಗಟ್ಟಲೆ ಸ್ವಂತ ತೀರ್ಮಾನದಿಂದ ನುಂಗುವುದು ಸರಿಯಲ್ಲ.

ಗಾಳಿ ಹುಟ್ಟುವುದನ್ನೇ ಕಡಿಮೆ ಮಾಡುವ ಉಪಾಯ ಅಡುಗೆಮನೆಯಲ್ಲಿದೆ. ಕಾಳನ್ನು ರಾತ್ರಿ ನೆನೆಹಾಕಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಬೇಯಿಸಿದರೆ ಆ ಸಕ್ಕರೆಗಳಲ್ಲಿ ಒಂದು ಪಾಲು ನೀರಿನೊಡನೆ ಹೋಗುತ್ತದೆ. ಮೊಳಕೆ ಕಟ್ಟಿದರೆ ಇನ್ನೂ ಕಡಿಮೆಯಾಗುತ್ತದೆ, ಏಕೆಂದರೆ ಮೊಳೆಯುವ ಕಾಳು ಅವನ್ನು ತಾನೇ ಬಳಸಿಕೊಳ್ಳುತ್ತದೆ. 1950ರಲ್ಲಿ ಮೈಸೂರಿನಲ್ಲಿ ಆರಂಭವಾದ ಸಿ.ಎಫ್.ಟಿ.ಆರ್.ಐ. ಸಂಸ್ಥೆಯಲ್ಲಿಯೂ ಕಾಳುಗಳ ಈ ಸಕ್ಕರೆಗಳ ಬಗ್ಗೆ ಅಧ್ಯಯನ ನಡೆದಿದೆ. ನಮ್ಮ ಹೆಂಗಸರು ಹುರುಳಿಯನ್ನು ಮೊಳಕೆ ಕಟ್ಟಿ ಸಾರು ಮಾಡುವುದು ಇದನ್ನೆಲ್ಲ ಓದಿ ಕಲಿತದ್ದಲ್ಲ! ಹಾಲು ಕುಡಿದರೆ ಉಬ್ಬರಿಸುವವರು ಮಜ್ಜಿಗೆಗೆ ಬದಲಾಯಿಸಿ ನೋಡಬಹುದು. ನಿಧಾನವಾಗಿ ಅಗಿದು ಉಣ್ಣಿ, ಉಂಡ ಮೇಲೆ ನಾಲ್ಕು ಹೆಜ್ಜೆ ನಡೆಯಿರಿ.

ಕಡೆಯದಾಗಿ, ಇಡೀ ಲೇಖನದಲ್ಲಿ ಒಂದನ್ನೇ ನೆನಪಿಡುವುದಾದರೆ ಇದನ್ನು ನೆನಪಿಡಿ. ಎದೆ ಹಿಸುಕಿದಂತಾಗಿ, ನೋವು ದವಡೆಗೋ ತೋಳಿಗೋ ಹರಿದು, ಬೆವರು, ಏದುಸಿರು ಬಂದರೆ “ಗ್ಯಾಸ್ ಇರಬೇಕು” ಎಂದು ಮಾತ್ರೆ ನುಂಗಿ ಮಲಗಬೇಡಿ. ಅದು ಹೃದಯಾಘಾತವಿರಬಹುದು. ಹೆಂಗಸರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಅದು ಬರೀ ಹೊಟ್ಟೆ ಸಂಕಟದಂತೆಯೂ ಕಾಣಿಸಬಲ್ಲದು. ತೇಗು ಬಂದು ಹಗುರವಾಯಿತೆಂಬುದು ಹೃದಯ ಸರಿಯಿದೆ ಎಂಬುದಕ್ಕೆ ಸಾಕ್ಷಿಯಲ್ಲ. ಕಾಡಂಚಿನ ಊರುಗಳಿಂದ ಮೈಸೂರು ಹತ್ತಿರವಿಲ್ಲ, ಕಳೆದ ಒಂದೊಂದು ಗಳಿಗೆಗೂ ಹೃದಯದ ಸ್ನಾಯು ಸಾಯುತ್ತಿರುತ್ತದೆ. ತಕ್ಷಣ 108ಕ್ಕೆ ಕರೆ ಮಾಡಿ, ಹತ್ತಿರದ ಆಸ್ಪತ್ರೆಯಲ್ಲಿ ಇ.ಸಿ.ಜಿ. ಮಾಡಿಸಿ. ರಾಜ್ಯದ ‘ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ’ ಯೋಜನೆಯಡಿ ಹಲವು ತಾಲ್ಲೂಕು ಆಸ್ಪತ್ರೆಗಳಲ್ಲೇ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ಏರ್ಪಾಡಿದೆ.

ಹಾಗೆಯೇ ಹೊಟ್ಟೆ ಗಟ್ಟಿಯಾಗಿ ಉಬ್ಬಿ ವಾಯು, ಮಲ ಎರಡೂ ನಿಂತು ವಾಂತಿಯಾಗುತ್ತಿದ್ದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಮಲದಲ್ಲಿ ರಕ್ತ ಕಂಡರೆ, ಕಾರಣವಿಲ್ಲದೆ ತೂಕ ಇಳಿದರೆ, ನಲವತ್ತು ದಾಟಿದ ಹೆಂಗಸರಿಗೆ ಉಬ್ಬರ ವಾರಗಟ್ಟಲೆ ಬಿಡದಿದ್ದರೆ ವೈದ್ಯರಿಗೆ ತೋರಿಸಲೇಬೇಕು.

ಮುಂದಿನ ಸಲ ಅಂಗಡಿಯಲ್ಲಿ ಮಾತ್ರೆ ಕೊಳ್ಳುವಾಗ “ಇದು ಗಾಳಿಗೋ, ಹುಳಿಗೋ?” ಎಂದು ಕೇಳಿ. ಆ ಒಂದು ಪ್ರಶ್ನೆಯಿಂದ ದುಡ್ಡೂ ಉಳಿದೀತು, ಮೈಯೂ ಉಳಿದೀತು.