ಪರದೇಶದ ಯುದ್ಧ, ನಮ್ಮ ಮನೆಯ ಬಾಗಿಲು
(ರಬಾಳೆಯ ಕಾರ್ಮಿಕ ಸಭೆಯಲ್ಲಿ ಮಾಡಿದ ಭಾಷಣ)



ನಾನು ಏಳನೆಯ ಇಯತ್ತೆ ಕಲಿತವನು. ಹೋಟೆಲಿನಲ್ಲಿ ಮೇಜು ಒರೆಸಿ ದೊಡ್ಡವನಾದವನು. "ಯುದ್ಧ ಎಲ್ಲೋ ಪರದೇಶದಲ್ಲಿ, ರಬಾಳೆಯ ಕಾರ್ಖಾನೆಯವನಿಗೇನು?" ಎಂದು ಕಳೆದ ಸಭೆಯಲ್ಲಿ ಒಬ್ಬರು ಕೇಳಿದರು. ನನಗೆ ತಿಳಿದಷ್ಟು ಹೇಳುತ್ತೇನೆ.

1987ರಲ್ಲಿ ನಮ್ಮ ಸೈನ್ಯ ಶಾಂತಿ ಕಾಯಲೆಂದು ಶ್ರೀಲಂಕೆಗೆ ಹೋಯಿತು. ಕೆಲವೇ ತಿಂಗಳಲ್ಲಿ ಎಲ್.ಟಿ.ಟಿ.ಇ.ಯೊಡನೆ ಯುದ್ಧಕ್ಕೇ ಇಳಿಯಿತು. 1990ರಲ್ಲಿ ಮರಳುವಷ್ಟರಲ್ಲಿ ಸಾವಿರಕ್ಕೂ ಮಿಕ್ಕಿ ಜವಾನರು ಮಡಿದಿದ್ದರು. ಅಲ್ಲಿಗೆ ಮುಗಿಯಿತೇ? 1991ರ ಮೇ 21ರಂದು ಶ್ರೀಪೆರಂಬುದೂರಿನಲ್ಲಿ ರಾಜೀವ ಗಾಂಧಿಯವರ ಕೊಲೆಯಾಯಿತು. ಬಂದೋಬಸ್ತಿಗೆ ನಿಂತ ಬಡ ಪೊಲೀಸರೂ ಸತ್ತರು. ಸಂಚುಗಾರ ಶಿವರಸನ್ ಸಿಕ್ಕಿದ್ದು ನಮ್ಮ ಬೆಂಗಳೂರಿನ ಕೋಣನಕುಂಟೆಯ ಬಾಡಿಗೆ ಮನೆಯಲ್ಲಿ, ಹೆಣವಾಗಿ.

ಮುಂದಿನದನ್ನು ಕೇಳಿರಿ. ಮೊಕದ್ದಮೆ ಟಾಡಾ ಕಾನೂನಿನಂತೆ ನಡೆಯಿತು. ಪೊಲೀಸ್ ಅಧಿಕಾರಿಯ ಮುಂದೆ ಹೇಳಿಸಿದ ತಪ್ಪೊಪ್ಪಿಗೆಯೂ ಅದರಲ್ಲಿ ಸಾಕ್ಷ್ಯವೇ. 1998ರಲ್ಲಿ 26 ಮಂದಿಗೂ ಗಲ್ಲು! 1999ರಲ್ಲಿ ಸುಪ್ರೀಂ ಕೋರ್ಟು, ಈ ಪ್ರಕರಣಕ್ಕೆ ಟಾಡಾ ಸಲ್ಲದೆಂದು ಹೇಳಿ 19 ಮಂದಿಯನ್ನು ಬಿಟ್ಟಿತು. ಕೊಂದವರ ವಕಾಲತ್ತು ನಾನು ಮಾಡುತ್ತಿಲ್ಲ. ಆ 19 ಕೊರಳುಗಳ ಮಾತು ಹೇಳುತ್ತಿದ್ದೇನೆ.

2008ರ ನವೆಂಬರಿನಲ್ಲಿ ಮುಂಬಯಿಯ ಮೇಲೆ ದಾಳಿಯಾದಾಗ ನಾನು ಹೋಟೆಲಿನ ಹುಡುಗ. ರೇಶನ್ ಕಾರ್ಡು ಊರಲ್ಲಿತ್ತು. ಒಂದು ರಾತ್ರಿ ಠಾಣೆಯಲ್ಲಿ ಕುಳಿತೆ. ಸೇಠ್ ಬರಲಿಲ್ಲ, ಅಡುಗೆಯ ಅಣ್ಣ ಬಂದರು.

ಆದುದರಿಂದ ನಿಮ್ಮ ಕಾಗದಪತ್ರಗಳ ನಕಲನ್ನು ಸಂಘದಲ್ಲಿ ಇಟ್ಟಿರಿ. ಯಾರನ್ನಾದರೂ ಬಂಧಿಸಿದರೆ 24 ತಾಸಿನೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕೆಂದು ಸಂವಿಧಾನದ 22ನೆಯ ವಿಧಿ ಹೇಳುತ್ತದೆ. ರಾತ್ರಿಯಾದರೂ ಸರಿ, ನಮ್ಮ ಬಾಗಿಲು ತಟ್ಟಿರಿ.